ಅರ್ಧ ಗಂಟೆಯ ಊಟ, ಆರು ತಿಂಗಳ ಉಪವಾಸ: ಜಿಗಣೆಯ ಮೈಯೊಳಗಿನ ಲೆಕ್ಕ

ಜಿಗಣೆಯ ಬಗ್ಗೆ ಬರೆದದ್ದೆಲ್ಲ ಸಾಮಾನ್ಯವಾಗಿ ಕಚ್ಚುವಲ್ಲಿ ಶುರುವಾಗಿ ಕಚ್ಚುವಲ್ಲೇ ಮುಗಿಯುತ್ತದೆ. ಅದರ ಆಯುಸ್ಸಿನಲ್ಲಿ ಕಚ್ಚುವುದಕ್ಕೆ ಹೋಗುವ ಹೊತ್ತೆಷ್ಟು ಅಂತ ಕೂಡಿಸಿ ನೋಡಿದರೆ ಬೇರೆಯೇ ಪ್ರಾಣಿ ಕಾಣುತ್ತದೆ. ಯುರೋಪಿನ ಔಷಧಿ ಜಿಗಣೆ ಹಿರುಡೊ ಮೆಡಿಸಿನಾಲಿಸ್‌ಗೆ ಹೊಟ್ಟೆ ತುಂಬಿಸಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಆಮೇಲೆ ಆರು ತಿಂಗಳು, ಕೆಲವೊಮ್ಮೆ ವರ್ಷದವರೆಗೂ, ಏನೂ ಸಿಗದಿದ್ದರೂ ಅದು ಸಾಯುವುದಿಲ್ಲ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಊಟವನ್ನು ಹುಡುಕುವುದು, ಸಿಕ್ಕಾಗ ಒಂದೇ ಏಟಿಗೆ ತುಂಬಿಕೊಳ್ಳುವುದು, ಕೆಡದಂತೆ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು: ಅದರ ಮೈಯ ಬಹುಪಾಲು ಅಂಗಗಳು ಈ ಮೂರು ಕೆಲಸಕ್ಕೆ ದುಡಿಯುತ್ತವೆ. ಈ ಎಳೆ ಹಿಡಿದು ನೋಡಿದರೆ ಜಿಗಣೆಯ ಶರೀರರಚನೆ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಎರೆಹುಳು ಇದರ ಹತ್ತಿರದ ನೆಂಟ, ಎರಡೂ ಮೈಮೇಲೆ ಉಂಗುರಗಳಿರುವ ವಲಯವಂತಗಳು. ಗೊತ್ತಿರುವ ಜಿಗಣೆ ಪ್ರಭೇದಗಳು ಸುಮಾರು 700. ಹೆಚ್ಚಿನವು ಸಿಹಿನೀರಿನಲ್ಲಿವೆ, ನೂರರಷ್ಟು ಸಮುದ್ರದಲ್ಲಿ, ಉಳಿದವು ನೆಲದ ಮೇಲೆ. ಮಳೆಕಾಡಿನಲ್ಲಿ ಕಾಲಿಗೆ ಹತ್ತುವ ಇಂಬಳ ಈ ಕೊನೆಯ ಗುಂಪಿನದು.

ಎರೆಹುಳುವಿಗೂ ಜಿಗಣೆಗೂ ಮೊದಲ ವ್ಯತ್ಯಾಸ ಖಂಡಗಳ, ಅಂದರೆ ಮೈಯಲ್ಲಿ ಸಾಲಾಗಿ ಜೋಡಿಸಿದ ಭಾಗಗಳ ಸಂಖ್ಯೆ. ಜಿಗಣೆಯಲ್ಲಿ ಅದು ನಿಗದಿ. ಖಂಡಕ್ಕೊಂದು ನರಗಂಟು (ನರಕೋಶಗಳ ಗೊಂಚಲು); ಅವನ್ನು ಎಣಿಸಿದರೆ 32: ತಲೆಯಲ್ಲಿ ಬೆಸೆದುಕೊಂಡ 4, ನಡುಮೈಯಲ್ಲಿ ಬಿಡಿಬಿಡಿಯಾದ 21, ಬಾಲದಲ್ಲಿ ಬೆಸೆದುಕೊಂಡ 7. (ಪಠ್ಯಪುಸ್ತಕಗಳಲ್ಲಿ 33, 34 ಅಂತಲೂ ಸಿಗುತ್ತದೆ. ಬಾಯಿಯ ಮುಂದಿನ ಭಾಗವನ್ನು ಖಂಡವೆಂದು ಎಣಿಸಬೇಕೋ ಬೇಡವೋ ಎಂಬ ಹಳೆಯ ತಕರಾರು ಅದು.) ಮೊಟ್ಟೆಯಿಂದ ಬಂದ ಮರಿಗೂ ಇಷ್ಟೇ, ಗೇಣುದ್ದ ಬೆಳೆದದ್ದಕ್ಕೂ ಇಷ್ಟೇ. ಹೊಸ ಖಂಡ ಹುಟ್ಟಿಸುವ ವ್ಯವಸ್ಥೆಯೇ ಇಲ್ಲ. ಜಿಗಣೆಯನ್ನು ತುಂಡು ಮಾಡಿದರೆ ಎರಡಾಗುತ್ತದೆ ಎಂಬ ಮಾತು ಅದಕ್ಕೇ ಸುಳ್ಳು. ಕಡಿದದ್ದು ಮತ್ತೆ ಬೆಳೆಯುವುದಿಲ್ಲ.

ಹೊರಗೆ ಕಾಣುವ ಉಂಗುರಗಳನ್ನು ಖಂಡ ಅಂದುಕೊಂಡು ಎಣಿಸಲು ಹೊರಟವರು ಎಡವುವುದು ಇಲ್ಲೇ. ಹಿರುಡೊದಲ್ಲಿ ನಡುಮೈಯ ಒಂದು ಖಂಡದ ಮೇಲೆ ಐದು ಉಂಗುರಗಳಿರುತ್ತವೆ. ಬೇರೆ ಕುಲಗಳಲ್ಲಿ ಮೂರಿರಬಹುದು, ಇನ್ನೂ ಹೆಚ್ಚಿರಬಹುದು. ಖಂಡದ ಗುರುತು ಬೇಕಿದ್ದರೆ ಲೆನ್ಸ್ ಹಿಡಿದು ಸಣ್ಣ ಚುಕ್ಕೆಗಳ ಸಾಲು ಇರುವ ಉಂಗುರ ಹುಡುಕಬೇಕು. ಆ ಚುಕ್ಕೆಗಳು ಸಂವೇದನಾಂಗಗಳು, ಖಂಡಕ್ಕೊಂದು ಸಾಲು. ತಲೆ ಯಾವ ಕಡೆ ಎಂಬುದರಲ್ಲೂ ಹೊಸಬರು ತಪ್ಪುತ್ತಾರೆ. ಎರಡು ತುದಿಯಲ್ಲೂ ಅಂಟಿಕೊಳ್ಳುವ ಹೀರುಬಟ್ಟಲಿದೆ; ಕಣ್ಣಿಗೆ ಹೊಡೆದು ಕಾಣುವ ದೊಡ್ಡ ಬಟ್ಟಲು ಬಾಲದ್ದು. ಬಾಯಿ ಇರುವುದು ಚೂಪಾದ ತುದಿಯ ಚಿಕ್ಕ ಹೀರುಬಟ್ಟಲಿನ ಒಳಗೆ. ಹಿಂದಿನ ಬಟ್ಟಲಿಗೆ ತೂತೇ ಇಲ್ಲ. ಗುದದ್ವಾರ ಅದರ ಸ್ವಲ್ಪ ಮುಂದೆ, ಬೆನ್ನಿನ ಕಡೆ ತೆರೆದುಕೊಳ್ಳುತ್ತದೆ. ಅಂಟಿಕೊಂಡಿದ್ದಾಗಲೂ ವಿಸರ್ಜನೆಗೆ ಅಡ್ಡಿಯಾಗದ ಜಾಗ ಅದು.

ಎರೆಹುಳುವಿನ ಒಳಗೆ ಖಂಡಖಂಡಕ್ಕೂ ಗೋಡೆ, ನಡುವೆ ದ್ರವ. ಜಿಗಣೆಯಲ್ಲಿ ಆ ಗೋಡೆಗಳಿಲ್ಲ. ಒಳಗಿನ ಪೊಳ್ಳನ್ನು ಮೆತ್ತನೆಯ ಅಂಗಾಂಶ ತುಂಬಿಕೊಂಡು ದ್ರವಕ್ಕೆ ಸಣ್ಣ ಕಾಲುವೆಗಳನ್ನಷ್ಟೇ ಬಿಟ್ಟಿದೆ. ಚರ್ಮದಡಿ ಮೂರು ಪದರ ಸ್ನಾಯು: ಸುತ್ತ ಹೋಗುವುದು, ಓರೆಯಾಗಿ ಹೋಗುವುದು, ಉದ್ದಕ್ಕೆ ಹೋಗುವುದು. ತನ್ನ ತೂಕದ ಹಲವು ಪಟ್ಟು ರಕ್ತ ಒಳಗೆ ಬಂದರೂ ಒಡೆಯದೆ ಹಿಗ್ಗುವುದು ಈ ಕಟ್ಟಣೆಯಿಂದ.

ಎಲ್ಲ ಜಿಗಣೆಗಳೂ ರಕ್ತ ಕುಡಿಯುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರ್ಪೊಬ್ಡೆಲ್ಲ ಗುಂಪಿನವು ಹುಳು, ಕೀಟಗಳ ಮರಿಗಳನ್ನು ಇಡಿಯಾಗಿ ನುಂಗುತ್ತವೆ. ಕುದುರೆ ಜಿಗಣೆ ಎಂದು ಹೆಸರಾದ ಹೀಮೋಪಿಸ್ ಸ್ಯಾಂಗ್ವಿಸ್ಯೂಗ ಕುದುರೆಯನ್ನು ಕಚ್ಚುವುದೇ ಇಲ್ಲ. ಅದರ ಹಲ್ಲು ಮೊಂಡು. ಎರೆಹುಳು ನುಂಗಿ ಬದುಕುತ್ತದೆ. ಬೋರ್ನಿಯೊ ದ್ವೀಪದ ಕಿನಬಾಲು ಬೆಟ್ಟದಲ್ಲಿ ಮಿಮೊಬ್ಡೆಲ್ಲ ಎಂಬ ದೊಡ್ಡ ಕೆಂಪು ಜಿಗಣೆ ತನಗಿಂತ ಉದ್ದದ ಎರೆಹುಳುವನ್ನೂ ಬಾಯಲ್ಲಿ ಎಳೆದುಕೊಳ್ಳುತ್ತದೆ. ರಕ್ತ ಕುಡಿಯುವವುಗಳಲ್ಲೂ ಎರಡು ದಾರಿ. ಒಂದಕ್ಕೆ ದವಡೆ, ಇನ್ನೊಂದಕ್ಕೆ ಒಳಗಿಂದ ಚಾಚುವ ಸೊಂಡಿಲು. ಮೀನಿಗೆ, ಆಮೆಗೆ ಅಂಟುವ ಜಿಗಣೆಗಳು ಸೊಂಡಿಲಿನವು. ಅಮೆಜಾನ್ ಕಡೆಯ ಹೆಮೆಂಟೇರಿಯ ಘಿಲಿಯಾನಿ ಕೂಡ ಸೊಂಡಿಲಿನದೇ. ಚಾಚಿದರೆ 45 ಸೆಂ.ಮೀ.ವರೆಗೂ ಬರುವ ಅದು ಜಿಗಣೆಗಳಲ್ಲೆಲ್ಲ ದೈತ್ಯ.

ಕಚ್ಚಿದಾಗ ಆಗುವುದೇನು

ದವಡೆಯ ಜಿಗಣೆ ಮೊದಲು ಹಿಂದಿನ ಬಟ್ಟಲನ್ನು ಭದ್ರ ಮಾಡಿಕೊಳ್ಳುತ್ತದೆ. ಮುಂದಿನ ತುದಿ ಚರ್ಮದ ಮೇಲೆ ಅತ್ತಿತ್ತ ಆಡಿ ಜಾಗ ಹುಡುಕುತ್ತದೆ. ಹುಡುಕುವುದು ಬಿಸಿ ಮತ್ತು ರುಚಿ. ಪ್ರಯೋಗಾಲಯದಲ್ಲಿ ತೆಳು ಪೊರೆಯ ಹಿಂದೆ ಬೆಚ್ಚಗಿನ ನೀರಿಟ್ಟು, ಅದರಲ್ಲಿ ಅಡುಗೆ ಉಪ್ಪು ಮತ್ತು ಆರ್ಜಿನೈನ್ ಎಂಬ ಅಮೈನೋ ಆಮ್ಲ, ಎರಡೂ ರಕ್ತದಲ್ಲಿರುವಷ್ಟು ಪ್ರಮಾಣದಲ್ಲಿ ಬೆರೆಸಿದರೆ ಹಿರುಡೊ ಅದನ್ನೇ ರಕ್ತವೆಂದು ಹೊಟ್ಟೆ ತುಂಬ ಕುಡಿಯುತ್ತದೆ. ಬರೀ ನೀರಿಟ್ಟರೆ ಮುಖ ತಿರುಗಿಸುತ್ತದೆ. ರಕ್ತದ ಪ್ರೋಟೀನ್, ಕೆಂಪು ಕಣ ಯಾವುದೂ ಬೇಡ, ಈ ಎರಡು ರುಚಿ ಸಾಕು ಎಂಬುದು ನನಗಂತೂ ಜಿಗಣೆಯ ಬಗ್ಗೆ ಗೊತ್ತಿರುವುದರಲ್ಲೆಲ್ಲ ಸೊಗಸಾದ ಸಂಗತಿ.

ಜಾಗ ಸಿಕ್ಕಮೇಲೆ ಬಟ್ಟಲು ಚರ್ಮವನ್ನು ಒಳಗೆಳೆದುಕೊಂಡು ಬಿಗಿ ಮಾಡುತ್ತದೆ. ಬಾಯೊಳಗಿನ ಮೂರು ದವಡೆಗಳು, ಒಂದೊಂದೂ ಅರ್ಧಚಂದ್ರದಂಥ ದಿಂಡು, ಅಂಚಿನ ಉದ್ದಕ್ಕೂ 60ರಿಂದ 100 ಸಣ್ಣ ಹಲ್ಲು, ಹಿಂದೆ ಮುಂದೆ ತೂಗುತ್ತ ಗರಗಸದ ಹಾಗೆ ಕೊಯ್ಯುತ್ತವೆ. ಗಾಯ ಮೂರು ಕವಲಾಗಿ ಮೂಡುವುದು ಅದಕ್ಕೆ. ಆಸ್ಟ್ರೇಲಿಯ, ಮಡಗಾಸ್ಕರ್ ಕಡೆಯ ಕೆಲವು ನೆಲ ಜಿಗಣೆಗಳಿಗೆ ದವಡೆ ಎರಡೇ. ಅವು ಬಿಟ್ಟುಹೋಗುವ ಗುರುತಿಗೂ ಕವಲು ಎರಡೇ. 2010ರಲ್ಲಿ ಪೆರುವಿನಿಂದ ವರ್ಣಿಸಿದ ಟೈರಾನೊಬ್ಡೆಲ್ಲ ರೆಕ್ಸ್‌ಗೆ ದವಡೆ ಒಂದೇ, ಅದರಲ್ಲಿ ಎಂಟು ಭಾರಿ ಹಲ್ಲು. ಅದು ಸಿಕ್ಕಿದ್ದು ಮನುಷ್ಯರ ಮೂಗಿನೊಳಗೆ.

ಜೊಲ್ಲಿನ ಗ್ರಂಥಿಗಳ ರಚನೆ ಗಮನಿಸಬೇಕು. ಇಲ್ಲಿ ಒಂದೊಂದು ಕೋಶವೂ ಸ್ವತಂತ್ರ ಗ್ರಂಥಿ. ಒಂದೊಂದರಿಂದಲೂ ಉದ್ದನೆಯ ನಾಳ ಹೊರಟು ದವಡೆಯ ಅಂಚಿನಲ್ಲಿ, ಹಲ್ಲುಹಲ್ಲುಗಳ ನಡುವೆ ತೆರೆದುಕೊಳ್ಳುತ್ತದೆ. ಕೊಯ್ದ ಕ್ಷಣದಲ್ಲೇ, ಕೊಯ್ದ ಜಾಗಕ್ಕೇ ಜೊಲ್ಲು ಬೀಳುತ್ತದೆ. ಆ ಜೊಲ್ಲಿನಲ್ಲಿ ಮುಖ್ಯವಾದದ್ದು ಹಿರುಡಿನ್. ಜಿಗಣೆಯ ಸಾರಕ್ಕೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವಿದೆಯೆಂದು ಜಾನ್ ಹೇಕ್ರಾಫ್ಟ್ 1884ರಲ್ಲಿ ತೋರಿಸಿದ. ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1950ರ ದಶಕದಲ್ಲಿ, ಜರ್ಮನಿಯ ಫ್ರಿಟ್ಸ್ ಮಾರ್ಕ್‌ವರ್ಟ್. 65 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನ್ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವಕ್ಕೆ ಒಂದಕ್ಕೊಂದರಂತೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಜೊತೆಗೆ ಕ್ಯಾಲಿನ್, ಗಾಯದ ಅಂಚಿನ ಕೊಲಾಜೆನ್ ಎಂಬ ನಾರಿನ ಪ್ರೋಟೀನ್‌ಗೆ ಪ್ಲೇಟ್‌ಲೆಟ್‌ಗಳು (ಹೆಪ್ಪುಗಟ್ಟಲು ನೆರವಾಗುವ ರಕ್ತಕಣಗಳು) ಅಂಟದಂತೆ ನೋಡಿಕೊಳ್ಳುತ್ತದೆ. ಹಯಲುರೊನಿಡೇಸ್ ಅಂಗಾಂಶದ ಅಂಟನ್ನು ಸಡಿಲಿಸಿ ಉಳಿದ ವಸ್ತುಗಳಿಗೆ ದಾರಿ ಮಾಡಿಕೊಡುತ್ತದೆ. ರಕ್ತನಾಳ ಹಿಗ್ಗಿಸುವ ಹಿಸ್ಟಮಿನ್‌ನಂಥ ವಸ್ತುವೂ ಇದೆ. ಸೊಂಡಿಲಿನ ಜಿಗಣೆಗಳದ್ದು ಬೇರೆ ರಸಾಯನ: ಮೇಲೆ ಹೇಳಿದ ಅಮೆಜಾನ್ ದೈತ್ಯ ಹೆಮೆಂಟಿನ್ ಎಂಬ ಕಿಣ್ವದಿಂದ ಹೆಪ್ಪಿನ ಮೂಲವಸ್ತು ಫೈಬ್ರಿನೊಜೆನ್ನನ್ನೇ ಕತ್ತರಿಸಿ ಹಾಕುತ್ತದೆ.

ದೊಡ್ಡ ಹಿರುಡೊ ಒಂದು ಊಟಕ್ಕೆ 5ರಿಂದ 15 ಮಿ.ಲೀ. ರಕ್ತ ಕುಡಿಯುತ್ತದೆ. ತಾನೇ ಬಿಟ್ಟು ಬಿದ್ದಮೇಲೂ ಗಾಯ ಗಂಟೆಗಟ್ಟಲೆ, ಹತ್ತು ಗಂಟೆಗೂ ಮೀರಿ ಒಸರುವುದುಂಟು. ಹೀಗೆ ಒಸರಿ ಹೋಗುವುದು ಕುಡಿದದ್ದಕ್ಕಿಂತ ಹೆಚ್ಚಾಗಲೂಬಹುದು. ಶಸ್ತ್ರಚಿಕಿತ್ಸೆಯವರಿಗೆ ಬೇಕಾದದ್ದು ಈ ಒಸರುವಿಕೆಯೇ. ತುಂಡಾದ ಬೆರಳು, ಕಿವಿ ಮರುಜೋಡಿಸುವಾಗ ಅಪಧಮನಿಗೆ ಹೊಲಿಗೆ ಹಾಕಬಹುದು. ಗೋಡೆ ತೆಳುವಾದ ಸಣ್ಣ ಅಭಿಧಮನಿಗಳಿಗೆ ಹಾಕುವುದು ಕಷ್ಟ. ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಭಾಗ ನೀಲಿಗಟ್ಟಿ ಊದುತ್ತದೆ. ಹೊಸ ಅಭಿಧಮನಿಗಳು ಬೆಳೆಯುವವರೆಗೆ, ಕೆಲವು ದಿನ, ಜಿಗಣೆ ಆ ರಕ್ತಕ್ಕೆ ತಾತ್ಕಾಲಿಕ ಹೊರದಾರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಇದನ್ನು ವೈದ್ಯಕೀಯ ಸಾಧನವೆಂದು ಅಂಗೀಕರಿಸಿತು. ಹಾಗೆ ಮಾರಾಟವಾಗುತ್ತಿದ್ದ ಜಿಗಣೆಗಳ ಡಿಎನ್‌ಎ ನೋಡಿದಾಗ ಅವು ಹಿರುಡೊ ಮೆಡಿಸಿನಾಲಿಸ್ ಆಗಿರಲೇ ಇಲ್ಲ, ಹಿರುಡೊ ವರ್ಬಾನ ಎಂಬ ನೆಂಟ ಪ್ರಭೇದವಾಗಿದ್ದವು ಎಂಬುದು 2007ರಲ್ಲಿ ಹೊರಬಿತ್ತು. ರಕ್ತ ತೆಗೆಸಲು ಜಿಗಣೆ ಹಚ್ಚಿಸಿಕೊಳ್ಳುವ ಹತ್ತೊಂಬತ್ತನೆಯ ಶತಮಾನದ ಹುಚ್ಚು ಬೇರೆಯದೇ ಮಟ್ಟದ್ದು. ಫ್ರಾನ್ಸ್ ಒಂದೇ 1833ರಲ್ಲಿ ನಾಲ್ಕು ಕೋಟಿಗೂ ಮೀರಿ ಜಿಗಣೆ ಆಮದು ಮಾಡಿಕೊಂಡಿತ್ತು. ಯುರೋಪಿನ ಕೆರೆಗಳಲ್ಲಿ ಜಿಗಣೆ ಬರಿದಾದದ್ದರಲ್ಲಿ ಈ ವ್ಯಾಪಾರದ ಪಾಲು ದೊಡ್ಡದು, ಜೌಗು ಬತ್ತಿಸಿದ್ದರ ಪಾಲೂ ಸೇರಿತು. ಔಷಧಿ ಜಿಗಣೆಯ ಅಂತರರಾಷ್ಟ್ರೀಯ ವ್ಯಾಪಾರ ಈಗ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಡಿ ನಿಯಂತ್ರಣದಲ್ಲಿದೆ.

ಹೊಟ್ಟೆಯೊಳಗೆ

ಬಾಯಿಂದ ಬಂದ ರಕ್ತ ಮೊದಲು ಹೋಗುವುದು ಕ್ರಾಪ್ ಎಂಬ ಚೀಲಕ್ಕೆ. ಮೈಯ ಮುಕ್ಕಾಲು ಜಾಗ ಇದರದೇ. ಇಕ್ಕೆಲಗಳಲ್ಲಿ ಜೋಡಿಜೋಡಿ ಪಕ್ಕಚೀಲಗಳು; ಕೊನೆಯ ಜೋಡಿ ಎಲ್ಲಕ್ಕಿಂತ ದೊಡ್ಡದು, ಹಿಂದಕ್ಕೆ ಚಾಚಿ ಕರುಳಿನ ಅಕ್ಕಪಕ್ಕ ಮಲಗಿರುತ್ತದೆ. ಕ್ರಾಪ್‌ನಲ್ಲಿ ಜೀರ್ಣವಾಗುವುದು ಬಹಳ ಕಡಿಮೆ. ಇಲ್ಲಿ ಮೊದಲು ನಡೆಯುವುದು ನೀರು ತೆಗೆಯುವ ಕೆಲಸ. ಊಟ ನಡೆಯುತ್ತಿರುವಾಗಲೇ ಪ್ಲಾಸ್ಮಾದ (ರಕ್ತದ ದ್ರವಭಾಗದ) ನೀರು, ಉಪ್ಪು ಮೈಗೆ ಹೀರಿಕೊಂಡು, ಮೂತ್ರಪಿಂಡದ ಕೆಲಸ ಮಾಡುವ 17 ಜೋಡಿ ನೆಫ್ರಿಡಿಯಗಳ ಮೂಲಕ ಹೊರಗೆ ಹೋಗತೊಡಗುತ್ತದೆ. ಮುಂದಿನ ಕೆಲವು ದಿನಗಳಲ್ಲಿ ಊದಿದ ಮೈ ಗಣನೀಯವಾಗಿ ಇಳಿಯುತ್ತದೆ. ಕೊನೆಗೆ ಉಳಿಯುವುದು ಕೆಂಪು ಕಣಗಳ ಗಟ್ಟಿ ರಾಡಿ. ಕಣಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಒಡೆಯದೆ ಹಾಗೇ ಇರುತ್ತವೆ. ಅಲ್ಲಿಂದ ಚೂರುಚೂರೇ ಕರುಳಿಗಿಳಿದು ಅಲ್ಲಿ ಜೀರ್ಣ.

ಸಾಧಾರಣ ಉಷ್ಣತೆಯಲ್ಲಿ ರಕ್ತ ತಿಂಗಳುಗಟ್ಟಲೆ ಕೊಳೆಯದೆ ಇರುವುದು ಹೇಗೆ? ಕ್ರಾಪ್‌ನಲ್ಲೇ ನೆಲೆಸಿದ ಬ್ಯಾಕ್ಟೀರಿಯಗಳಿಂದ. ಔಷಧಿ ಜಿಗಣೆಯ ಕ್ರಾಪ್‌ನಲ್ಲಿ ಏರೊಮೊನಾಸ್ ಮತ್ತು ಮ್ಯೂಸಿನಿವೊರನ್ಸ್ ಎಂಬ ಎರಡು ಬಗೆಯವು ಮೇಲುಗೈ ಪಡೆದಿರುತ್ತವೆ. ಹೊರಗಿನ ಬೇರೆ ಬ್ಯಾಕ್ಟೀರಿಯಗಳಿಗೆ ಅಲ್ಲಿ ನೆಲೆ ಸಿಗುವುದು ಕಷ್ಟ. ಈಗಷ್ಟೇ ಕುಡಿದ ರಕ್ತದಲ್ಲಿರುವ, ರೋಗಾಣು ತಡೆಯುವ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತ ತಡೆಯಲಾರದ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ, ಏರೊಮೊನಾಸ್ ತಡೆದುಕೊಳ್ಳುತ್ತದೆ. ಬರೀ ರಕ್ತದ ಊಟದಲ್ಲಿ ಬಿ ವಿಟಮಿನ್‌ಗಳ ಕೊರತೆಯೂ ಇದೆ, ಅದನ್ನು ತುಂಬಿಕೊಡುವುದೂ ಬ್ಯಾಕ್ಟೀರಿಯಗಳೇ ಎಂದು ನಂಬಲಾಗಿದೆ. ಕೆಲವು ಸೊಂಡಿಲು ಜಿಗಣೆಗಳು ಬ್ಯಾಕ್ಟೀರಿಯ ಸಾಕಲೆಂದೇ ಅನ್ನನಾಳದ ಬಳಿ ಪ್ರತ್ಯೇಕ ಅಂಗ ಬೆಳೆಸಿಕೊಂಡಿವೆ. ಮನುಷ್ಯನಿಗೆ ಈ ಬ್ಯಾಕ್ಟೀರಿಯಗಳಿಂದ ಬರುವ ತೊಂದರೆ ಒಂದೇ: ಆಸ್ಪತ್ರೆಯಲ್ಲಿ ಜಿಗಣೆ ಹಚ್ಚಿದಾಗ ಇದೇ ಏರೊಮೊನಾಸ್ ಗಾಯಕ್ಕಿಳಿದು ಸೋಂಕು ತರಬಹುದು. ಆದ್ದರಿಂದ ವೈದ್ಯರು ಮೊದಲೇ ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಒಬ್ಬ ರೋಗಿಗೆ ಹಚ್ಚಿದ ಜಿಗಣೆಯನ್ನು ಇನ್ನೊಬ್ಬರಿಗೆ ಹಚ್ಚುವುದಿಲ್ಲ.

ಹಸಿವು ಮತ್ತು ನರ

ನಡುಮೈಯ ಒಂದೊಂದು ನರಗಂಟಿನಲ್ಲೂ ಇರುವುದು ಸುಮಾರು 400 ನರಕೋಶ. ಅವು ದೊಡ್ಡವು, ಗಂಟಿನಿಂದ ಗಂಟಿಗೆ ಅದೇ ಜಾಗದಲ್ಲಿ ಸಿಗುತ್ತವೆ, ಸೂಕ್ಷ್ಮದರ್ಶಕದಡಿ ಹೆಸರು ಹಿಡಿದು ಗುರುತಿಸಬಹುದು. ಮುಟ್ಟಿದ್ದಕ್ಕೆ ಸ್ಪಂದಿಸುವ ಕೋಶ ಯಾವುದು, ಒತ್ತಿದ್ದಕ್ಕೆ ಯಾವುದು, ನೋವಿಗೆ ಯಾವುದು ಎಂದು 1960ರ ದಶಕದಿಂದ ನರವಿಜ್ಞಾನಿಗಳು ಒಂದೊಂದಾಗಿ ಪತ್ತೆ ಹಚ್ಚಿದ್ದು ಈ ಅನುಕೂಲದಿಂದ. ಪ್ರತಿ ಗಂಟಿನಲ್ಲೂ ಎದ್ದು ಕಾಣುವ ಜೋಡಿ ರೆಟ್ಸಿಯಸ್ ಕೋಶಗಳದು. ಗುಸ್ಟಾಫ್ ರೆಟ್ಸಿಯಸ್ 1891ರಲ್ಲಿ ವರ್ಣಿಸಿದ್ದಕ್ಕೆ ಆ ಹೆಸರು. ಅವು ಸುರಿಸುವುದು ಸಿರೊಟೋನಿನ್ ಎಂಬ ನರಸಂದೇಶ ಒಯ್ಯುವ ರಾಸಾಯನಿಕ.

ಹಸಿವೆಂದರೆ ಜಿಗಣೆಯಲ್ಲಿ ಹೆಚ್ಚುಕಡಿಮೆ ಈ ಸಿರೊಟೋನಿನ್‌ನ ಆಟ. ಹಸಿದದ್ದು ನೀರಿನ ಅಂಚಿಗೆ ಬಂದು ನಿಲ್ಲುತ್ತದೆ, ನೀರು ಅಲುಗಿದರೆ ಈಜಿ ಹೊರಡುತ್ತದೆ, ಬಿಸಿ ತಾಕಿದರೆ ಕಚ್ಚುತ್ತದೆ, ಜೊಲ್ಲು ಸುರಿಸುತ್ತದೆ. ಉಂಡದ್ದಕ್ಕೆ ಸಿರೊಟೋನಿನ್ ಬಾಹ್ಯವಾಗಿ ಕೊಟ್ಟರೂ ಈ ನಡವಳಿಕೆಯ ಭಾಗಗಳು ಮರಳುತ್ತವೆ. ಊಟ ನಿಲ್ಲಿಸುವ ಸೂಚನೆ ಬರುವುದು ಮೈಗೋಡೆಯ ಬಿಗಿತದಿಂದ. ಕುಡಿಯುತ್ತಿರುವಾಗ ಮೈಗೆ ತೂತು ಮಾಡಿ ರಕ್ತ ಸೋರಿಹೋಗಲು ಬಿಟ್ಟರೆ ಅದು ನಿಲ್ಲಿಸದೆ ಕುಡಿಯುತ್ತಲೇ ಇರುತ್ತದೆ. ಉಣ್ಣುತ್ತಿರುವ ಜಿಗಣೆಯನ್ನು ಚಿವುಟಿದರೂ ಬಿಡಿಸಲಾಗದು. ಆ ಹೊತ್ತಿಗೆ ಮೈಯ ಬೇರೆ ಕರೆಗಳಿಗೆ ಅದು ಕಿವುಡು.

ಹಿರುಡೊಗೆ ತಲೆಯ ಅಂಚಿನಲ್ಲಿ ಐದು ಜೋಡಿ ಕಣ್ಣು. ಕಣ್ಣೆಂದರೆ ಕಪ್ಪು ಬಣ್ಣದ ಗುಂಡಿಯೊಳಗೆ ಬೆಳಕು ಗ್ರಹಿಸುವ ಕೋಶಗಳು, ಅಷ್ಟೇ. ಚಿತ್ರ ಕಾಣುವುದಿಲ್ಲ, ನೆರಳು ಸರಿದದ್ದು ತಿಳಿಯುತ್ತದೆ. ಅಲೆ ಯಾವ ದಿಕ್ಕಿನಿಂದ ಬಂತು ಎಂಬುದನ್ನು ಮೈಮೇಲಿನ ಚುಕ್ಕೆಗಳು ಹೇಳುತ್ತವೆ. ನೀರಲ್ಲಿ ಈಜುವಾಗ ಮೈಯನ್ನು ಚಪ್ಪಟೆ ಮಾಡಿ ಮೇಲೆ ಕೆಳಗೆ ಅಲೆಯಾಗಿಸುತ್ತದೆ, ಹಾವಿನಂತೆ ಅಕ್ಕಪಕ್ಕಕ್ಕಲ್ಲ. ನೀರಲ್ಲಿ ಕಂಡ ಹುಳು ಜಿಗಣೆಯೋ ಅಲ್ಲವೋ ಎಂದು ದೂರದಿಂದಲೇ ಹೇಳಲು ಇದು ಒಳ್ಳೆಯ ಗುರುತು.

ಇಂಬಳಗಳು ಈಜನ್ನು ಬಿಟ್ಟುಕೊಟ್ಟಿವೆ. ಬಟ್ಟಲು ಊರಿ, ಮೈ ಬಿಲ್ಲಾಗಿಸಿ, ಇನ್ನೊಂದು ಬಟ್ಟಲು ಊರುತ್ತ ನಡೆಯುತ್ತವೆ. ಎಲೆಯ ತುದಿಯಲ್ಲಿ ಹಿಂಬಟ್ಟಲ ಮೇಲೆ ನಿಂತು ಮುಂಮೈ ಗಾಳಿಯಲ್ಲಿ ಆಡಿಸುತ್ತವೆ. ಹೆಜ್ಜೆಯ ನಡುಕ, ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಬಿಸಿ ಮೂರನ್ನೂ ಅವು ಗ್ರಹಿಸುತ್ತವೆ. ಮರದಿಂದ ಹಾರಿ ಬೀಳುತ್ತವೆ ಎಂಬ ಮಾತನ್ನು ತಜ್ಞರು ಬಹುಕಾಲ ತಳ್ಳಿಹಾಕುತ್ತಿದ್ದರು. 2024ರಲ್ಲಿ ಮಡಗಾಸ್ಕರಿನ ಕ್ತೊನೊಬ್ಡೆಲ್ಲ ಜಿಗಣೆ ಎಲೆಯ ಮೇಲಿಂದ ಮೈ ಹಿಂದಕ್ಕೆ ಸುರುಳಿ ಸೆಳೆದು ಜಿಗಿದ ವಿಡಿಯೋಗಳು ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾದವು. ಆ ಒಂದರಿಂದ ಎಲ್ಲ ಇಂಬಳವೂ ಜಿಗಿಯುತ್ತದೆಂದು ಹೇಳಲಾಗದು. ಸಾಮಾನ್ಯವಾಗಿ ಅದು ಕಾಲಿನಿಂದ ಹತ್ತುತ್ತದೆ. ಕುತ್ತಿಗೆಯಲ್ಲಿ ಸಿಕ್ಕಿದ್ದೂ ಬಹುತೇಕ ಹತ್ತಿಯೇ ಬಂದದ್ದು.

ನೆಲದ ಮೇಲೆ ಇಂಬಳದ ದೊಡ್ಡ ಶತ್ರು ಒಣಹವೆ. ಉಸಿರಾಟವೆಲ್ಲ ಚರ್ಮದಿಂದ, ಚರ್ಮ ಒದ್ದೆಯಿದ್ದರಷ್ಟೇ ಉಸಿರು. ಹಿಂಬಟ್ಟಲೂ ಒಣಗಿದರೆ ಹಿಡಿಯುವುದಿಲ್ಲ. ಇದಕ್ಕೊಂದು ಜಾಣ ಏರ್ಪಾಡಿದೆ: ಕೊನೆಯ ಜೋಡಿ ನೆಫ್ರಿಡಿಯದ ಬಾಯಿ ಹಿಂಬಟ್ಟಲ ಪಕ್ಕದಲ್ಲೇ, ಪುಟ್ಟ ಕಿವಿಯಂಥ ಮಡಿಕೆಗಳ ಕೆಳಗೆ ತೆರೆದುಕೊಂಡು ಬಟ್ಟಲನ್ನು ತೇವವಾಗಿಡುತ್ತದೆ. ಮಳೆ ನಿಂತು ನೆಲ ಒಣಗಿದರೆ ಅವು ತರಗೆಲೆಯ ತಳಕ್ಕೆ, ಮಣ್ಣಿನ ಬಿರುಕಿಗೆ ಇಳಿದು ಬಿಡುತ್ತವೆ.

ಸಂತಾನ

ಜಿಗಣೆಗಳೆಲ್ಲ ದ್ವಿಲಿಂಗಿಗಳು, ಮೊದಲು ಪಕ್ವವಾಗುವುದು ಗಂಡಿನ ಭಾಗ. ಹಿರುಡೊದಂಥವು ಜೊತೆಗೂಡಿ ವೀರ್ಯ ದಾಟಿಸುತ್ತವೆ. ದವಡೆಯಿಲ್ಲದ ಅನೇಕವು ವೀರ್ಯದ ಪೊಟ್ಟಣವನ್ನು ಇನ್ನೊಂದರ ಚರ್ಮಕ್ಕೆ ಅಂಟಿಸಿಬಿಡುತ್ತವೆ. ವೀರ್ಯ ಚರ್ಮ ತೂರಿ ಒಳಗೆ ಹೋಗಿ ಅಂಡಾಶಯ ಸೇರುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಮೈಯ ಮುಂಭಾಗದ ಕ್ಲೈಟೆಲಮ್ ಪಟ್ಟಿ ನೊರೆಯನ್ನೂ ಪೋಷಕ ದ್ರವವನ್ನೂ ಸ್ರವಿಸುತ್ತದೆ. ಜಿಗಣೆ ಹಿಂದಕ್ಕೆ ಸರಿದು ತಲೆ ಹೊರಗೆಳೆದುಕೊಂಡರೆ ಎರಡೂ ತುದಿ ಮುಚ್ಚಿಕೊಂಡು ಮೊಟ್ಟೆಗೂಡು ಸಿದ್ಧ. ಹಿರುಡೊ ಇದನ್ನು ನೀರಲ್ಲಿ ಇಡುವುದಿಲ್ಲ. ನೀರಂಚಿಗಿಂತ ಸ್ವಲ್ಪ ಮೇಲೆ, ಒದ್ದೆ ಮಣ್ಣಿನಲ್ಲಿ ಇಡುತ್ತದೆ. ನೊರೆ ಒಣಗಿ ಸ್ಪಂಜಿನ ಹೊದಿಕೆಯಾಗಿ ಒಳಗಿನ ತೇವ ಕಾಯುತ್ತದೆ. ಅಂಚಿನ ಸುತ್ತ ಕಾಂಕ್ರೀಟ್ ಕಟ್ಟಿದ ಕೊಳದಲ್ಲಿ ದೊಡ್ಡ ಜಿಗಣೆಗಳಿದ್ದರೂ ಮರಿ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಮಣ್ಣಿನ ಕೊರತೆಯನ್ನು. ಒಂದು ಗೂಡಿನಿಂದ ಹತ್ತು ಹನ್ನೆರಡು ಮರಿ ಬರಬಹುದು. ಅವುಗಳ ಎಳೆಯ ದವಡೆಗೆ ದನಕುದುರೆಗಳ ಚರ್ಮ ದಪ್ಪ. ಮೊದಲ ಊಟ ಹೆಚ್ಚಾಗಿ ಕಪ್ಪೆಯದು.

ಗ್ಲಾಸಿಫೋನಿಡ್ ಕುಟುಂಬದವು ಇದಕ್ಕೆ ತದ್ವಿರುದ್ಧ. ಮೊಟ್ಟೆಯನ್ನು ಹೊಟ್ಟೆಯಡಿ ಕಾಪಾಡಿ, ಮೈ ಆಡಿಸಿ ಹೊಸ ನೀರು ಹಾಯಿಸಿ, ಮರಿಗಳನ್ನು ವಾರಗಟ್ಟಲೆ ಹೊಟ್ಟೆಗಂಟಿಸಿಕೊಂಡು ತಿರುಗುತ್ತವೆ. ಹೆಲೊಬ್ಡೆಲ್ಲ ಬೇಟೆ ಹಿಡಿದು ಮರಿಗಳಿಗೆ ಉಣಿಸುವುದೂ ಉಂಟು. ಕಲ್ಲಿನಡಿ ಸಿಕ್ಕ ಚಪ್ಪಟೆ ಜಿಗಣೆಯನ್ನು ಮಗುಚಿದಾಗ ಹೊಟ್ಟೆ ತುಂಬ ಎಳ್ಳಿನಷ್ಟು ಮರಿಗಳು ಬಾಲ ಅಂಟಿಸಿ ತಲೆ ತೂಗುತ್ತಿದ್ದರೆ ಅದು ಈ ಕುಟುಂಬದ್ದು.

ಕಚ್ಚಿದ್ದನ್ನು ಬಿಡಿಸುವುದು

ಉಪ್ಪು, ಬೆಂಕಿಕಡ್ಡಿ, ಸ್ಪಿರಿಟ್ ಹಾಕಿದರೆ ಜಿಗಣೆ ಬಿಡುತ್ತದೆ ನಿಜ. ಬಿಡುವ ಮೊದಲು ಮೈ ಹಿಂಡಿಕೊಂಡು ಕ್ರಾಪ್‌ನಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕಲೂಬಹುದು. ಆ ರಾಡಿಯಲ್ಲಿ ಏನಿದೆಯೆಂದು ಮೇಲೆ ಓದಿದಿರಿ. ಎಳೆದು ಕಿತ್ತರೆ ಗಾಯ ಹರಿಯುತ್ತದೆ. ಸರಿಯಾದ ಕ್ರಮ ಸುಲಭ: ಚೂಪು ತುದಿ ಯಾವುದೆಂದು ನೋಡಿ, ಆ ಪಕ್ಕದ ಚರ್ಮವನ್ನು ಒಂದು ಕೈಯಿಂದ ಬಿಗಿ ಹಿಡಿದು, ಇನ್ನೊಂದು ಕೈಯ ಉಗುರನ್ನು ಬಟ್ಟಲಿನ ಅಂಚಿಗೆ ಚರ್ಮಕ್ಕೆ ಒತ್ತಿದಂತೆ ಅಡ್ಡಕ್ಕೆ ಜಾರಿಸಬೇಕು. ಗಾಳಿ ನುಗ್ಗಿದ ಕೂಡಲೇ ಹಿಡಿತ ತಪ್ಪುತ್ತದೆ. ತಕ್ಷಣ ಹಿಂಬಟ್ಟಲನ್ನೂ ಹಾಗೆಯೇ ಬಿಡಿಸಿ ದೂರ ಹಾಕಿ. ತಡ ಮಾಡಿದರೆ ಮುಂದಿನದು ಮತ್ತೆ ಅಂಟುತ್ತದೆ, ಇಲ್ಲವೇ ನಿಮ್ಮ ಬೆರಳಿಗೆ ಹತ್ತುತ್ತದೆ. ಸೋಪು ನೀರಿನಲ್ಲಿ ತೊಳೆದು ಒತ್ತಿ ಕಟ್ಟಿದರೆ ಸಾಕು. ಒಸರುವುದು ಜಾಸ್ತಿ ಹೊತ್ತಾದರೂ ಕಳೆದುಹೋಗುವ ರಕ್ತ ಕಡಿಮೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಒಸರುವುದು ನಿಲ್ಲದವರು, ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದಂತಾದವರು ವೈದ್ಯರನ್ನು ಕಾಣಬೇಕು. ತುರಿಕೆ ಹಲವು ದಿನ ಇರುತ್ತದೆ. ಕೆರೆದು ಹುಣ್ಣು ಮಾಡಿಕೊಳ್ಳುವುದೇ ಹೆಚ್ಚಿನ ಸೋಂಕಿಗೆ ಕಾರಣ.

ಮೂಗು, ಗಂಟಲಿನೊಳಗೆ ಸೇರಿದ್ದು ಬೇರೆ ಲೆಕ್ಕ. ತೊರೆಗೆ ಬಾಯಿಟ್ಟು ನೀರು ಕುಡಿದಾಗ ಡೈನೊಬ್ಡೆಲ್ಲ ಫೆರಾಕ್ಸ್‌ನಂಥವು ಮರಿಯಾಗಿದ್ದಾಗ ಒಳಗೆ ಹೋಗಿ ವಾರಗಟ್ಟಲೆ ಅಲ್ಲೇ ಬೆಳೆಯುತ್ತವೆ. ಒಂದೇ ಹೊಳ್ಳೆಯಿಂದ ಪದೇಪದೇ ರಕ್ತ, ಒಳಗೆ ಏನೋ ಸರಿದಾಡಿದಂತೆ ಅನಿಸುವುದು ಇದರ ಲಕ್ಷಣ. ಇದನ್ನು ಮನೆಯಲ್ಲಿ ಕೀಳಲು ಹೋಗಬಾರದು. ಒಳಕ್ಕೆ ಸರಿದು ಶ್ವಾಸನಾಳಕ್ಕೆ ಬಿದ್ದರೆ ಪ್ರಾಣಕ್ಕೇ ಸಂಚಕಾರ.

ಇಟ್ಟುಕೊಂಡು ನೋಡಲು, ಕಾಪಿಡಲು

ಗಾಜಿನ ಸೀಸೆ, ಮೂರನೇ ಎರಡು ಭಾಗ ನೀರು. ನಲ್ಲಿ ನೀರಿನ ಕ್ಲೋರಿನ್, ತಾಮ್ರದ ಕೊಳವೆಯಿಂದ ಬರುವ ತಾಮ್ರ ಎರಡೂ ಜಿಗಣೆಯನ್ನು ಕೊಲ್ಲುತ್ತವೆ. ಕ್ಲೋರಿನ್ ಆರಲು ನೀರನ್ನು ಒಂದೆರಡು ದಿನ ತೆರೆದಿಡಬೇಕು, ಹಾಗೆ ಆರಿಹೋಗದ ಕ್ಲೋರಮೈನ್ ಹಾಕಿದ ನೀರಾದರೆ ಅಕ್ವೇರಿಯಂನವರ ಕ್ಲೋರಿನ್ ನಿವಾರಕ ಬೇಕೇ ಬೇಕು. ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ. ತಿರುಗಿಸಿ ಮುಚ್ಚುವ ಮುಚ್ಚಳಕ್ಕೆ ಕೊರೆದ ತೂತಿನಿಂದ, ತೂತು ಸಣ್ಣದಿದ್ದರೂ, ಹಸಿದ ಜಿಗಣೆ ಹೊರಬರುತ್ತದೆ. ಒಳಗೆ ಒರಟು ಕಲ್ಲೊಂದಿರಲಿ: ಕೆಲವು ದಿನಗಳಿಗೊಮ್ಮೆ ಅದು ಮೈಯ ಹೊರಪೊರೆ ಕಳಚುತ್ತದೆ, ಉಜ್ಜಿಕೊಳ್ಳಲು ಏನೂ ಸಿಗದಿದ್ದರೆ ಪೊರೆ ಮೈಗೆ ಸುತ್ತಿಕೊಂಡು ಬಿಗಿಯುತ್ತದೆ. ಊಟವಾದ ಮೊದಲ ವಾರ ನೀರು ದಿನವೂ ಬದಲಿಸಬೇಕು. ಹೊರಬರುವ ತ್ಯಾಜ್ಯ ಮುಖ್ಯವಾಗಿ ಅಮೋನಿಯ. ಸೀಸೆಯ ಜಿಗಣೆಗಳು ಒಟ್ಟಿಗೆ ಸಾಯುವುದು ಹೆಚ್ಚಾಗಿ ಈ ವಾರದಲ್ಲೇ. ನೆರಳು, ತಂಪು ಸಾಕು. ಬಿಸಿಲಿನ ಕಿಟಕಿ ಬೇಡ.

ಗುರುತಿಸಲು ಮಾದರಿ ಮಾಡುವವರು ಜೀವಂತ ಜಿಗಣೆಯನ್ನು ನೇರ ಗಟ್ಟಿ ಆಲ್ಕೊಹಾಲಿಗೆ ಹಾಕಿದರೆ ಅದು ಉಂಡೆಯಾಗಿ ಮುದುಡಿ, ಕಣ್ಣಿನ ಸಾಲು, ಜನನರಂಧ್ರಗಳ ನಡುವಿನ ಉಂಗುರ ಯಾವುದನ್ನೂ ಎಣಿಸಲಾಗದಂತೆ ಗಟ್ಟಿಯಾಗುತ್ತದೆ. ಜಿಗಣೆಯಿರುವ ನೀರಿಗೆ ಆಲ್ಕೊಹಾಲನ್ನು ಹನಿಹನಿಯಾಗಿ, ಅರ್ಧ ಗಂಟೆ ಹಿಡಿದು, ಚುಚ್ಚಿದರೂ ಅಲುಗದಿರುವವರೆಗೆ ಸೇರಿಸುತ್ತ ಹೋಗಬೇಕು. ಆಮೇಲೆ ಲೋಳೆ ಒರೆಸಿ, ಎರಡು ಗಾಜಿನ ನಡುವೆ ಉದ್ದಕ್ಕೆ ಚಾಚಿ ಗಟ್ಟಿಯಾಗಿಸಿ, 70 ಪ್ರತಿಶತ ಆಲ್ಕೊಹಾಲಿಗೆ ಸೇರಿಸಬೇಕು. ಡಿಎನ್‌ಎ ಬೇಕಿದ್ದರೆ ಫಾರ್ಮಲಿನ್ ಮುಟ್ಟಿಸಬಾರದು. 95 ಪ್ರತಿಶತ ಇಥನಾಲ್, ಮಾದರಿಯ ಐದು ಪಟ್ಟಾದರೂ ದ್ರವ, ಒಂದು ದಿನದ ನಂತರ ಒಮ್ಮೆ ಬದಲಾವಣೆ. ಹೊಟ್ಟೆಯ ರಕ್ತ ಡಿಎನ್‌ಎಯನ್ನು ನಾಲ್ಕು ತಿಂಗಳಾದರೂ ಉಳಿಸಿಕೊಂಡಿರುತ್ತದೆಂದು 2012ರಲ್ಲಿ ಪ್ರಕಟವಾದ ಕೆಲಸ ತೋರಿಸಿತು. ಅದೇ ಕೆಲಸದಲ್ಲಿ ವಿಯೆಟ್ನಾಮಿನ ಕಾಡಿನ ಇಂಬಳಗಳ ಹೊಟ್ಟೆಯಿಂದ, ಕ್ಯಾಮೆರಾಗಳಿಗೂ ಅಪರೂಪಕ್ಕೆ ಸಿಗುವ ಅನ್ನಮೀಟ್ ಪಟ್ಟೆ ಮೊಲದ ಡಿಎನ್‌ಎ ಸಿಕ್ಕಿತ್ತು. ಈ ಉದ್ದೇಶಕ್ಕೆ ಹಿಡಿಯುವಾಗ ಒಂದು ಇಂಬಳಕ್ಕೆ ಒಂದು ಟ್ಯೂಬ್. ಒಟ್ಟಿಗೆ ಹಾಕಿದರೆ ಒಂದು ಕಕ್ಕಿದ್ದು ಇನ್ನೊಂದಕ್ಕೆ ಅಂಟಿ ಯಾವ ಪ್ರಾಣಿ ಯಾವ ಜಾಗದ್ದೆಂದು ಹೇಳಲಾಗದು. ಜಾಗ, ದಿನಾಂಕದ ಚೀಟಿ ಪೆನ್ಸಿಲಿನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಬೇಕು. ಪೆನ್ನಿನ ಶಾಯಿ ಇಥನಾಲಿನಲ್ಲಿ ಕರಗಿಹೋಗುತ್ತದೆ.